ಸ್ಟೀಲ್ ಲೋಟದಲ್ಲಿ ಮಣೂಕದ ವಾಸನೆ

ಕಳೆದ ಅಕ್ಟೋಬರಿನ ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ, ನಾನು ಜರ್ಮನಿಯ ರೆನ್ನಿಂಗೆನ್‌ನಲ್ಲಿರುವ ಗೆಳೆಯನ ಅಡುಗೆಮನೆಯಲ್ಲಿ, ಸಿಂಕಿಗೂ ಬಾಲ್ಕನಿ ಬಾಗಿಲಿಗೂ ನಡುವೆ ನಿಂತಿದ್ದೆ. ಬೆಳಕು ಚೆನ್ನಾಗಿತ್ತು. ಕೈ ಚಾಚಿದರೆ ಎಟುಕುವಷ್ಟು ದೂರದಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ.

ರಜೆಯಲ್ಲಿ ನಾನು ಪಾಂಟೆಲೆರಿಯಾಕ್ಕೆ ಹೋಗಿದ್ದೆ. ಸಿಸಿಲಿಯ ಆಚೆ, ಆಫ್ರಿಕಾಕ್ಕೆ ಹತ್ತಿರದ ಕಪ್ಪು ಕಲ್ಲಿನ ದ್ವೀಪ ಅದು. ಅಲ್ಲಿ ದ್ರಾಕ್ಷಿಯನ್ನು ಬಿಸಿಲಿಗೆ ಹರವಿ ಒಣಗಿಸಿ ಪಾಸಿಟೊ ಎಂಬ ಸಿಹಿ ವೈನ್ ಮಾಡುತ್ತಾರೆ. ಗೆಳೆಯನಿಗೆ ಒಂದು ಬಾಟಲಿ ತಂದಿದ್ದೆ.

ಆದರೆ ಮನೆಯಲ್ಲಿ ಅವನ ಅಪ್ಪ ಇದ್ದರು. ವಿಜಯಪುರದಿಂದ ಬಂದವರು, ಲಿಂಗಪೂಜೆಯಾಗದೆ ನೀರನ್ನೂ ಮುಟ್ಟದವರು. ದ್ರಾಕ್ಷಿ ಬೆಳೆದು, ಶೆಡ್ಡಿನಲ್ಲಿ ಒಣಗಿಸಿ ಮಣೂಕ ಮಾಡುವುದು ಅವರ ಕಸುಬು. ಎರಡು ವರ್ಷದ ಹಿಂದೆ ಜ್ವರ ಬಂದು, ಮೂಗಿಗೆ ಯಾವ ವಾಸನೆಯೂ ತಿಳಿಯದಂತಾಗಿತ್ತು. ಹುಳಿ ಹಿಡಿದ ಮಾಲನ್ನು ಬಾಗಿಲಲ್ಲೇ ಮೂಗಿನಿಂದ ಹಿಡಿಯುತ್ತಿದ್ದವರು ಈಗ ಶೆಡ್ ಮಾರಲು ಹೊರಟಿದ್ದರು. "ಮೂಗಿಲ್ಲದಾಂವ ಶೆಡ್ ಇಟ್ಕೊಂಡು ಏನ್ ಮಾಡ್ಲಿ?" ಎಂದು ಆ ದಿನ ಊಟಕ್ಕೆ ಕೂತಾಗಲೂ ಅಂದಿದ್ದರು.

ಅವರು ಮಲಗಿದ್ದಾರೆಂದುಕೊಂಡು ನಾವಿಬ್ಬರೂ ಪಾಸಿಟೊವನ್ನು ಸ್ಟೀಲ್ ಲೋಟಗಳಿಗೆ ಬಗ್ಗಿಸಿಕೊಂಡು, ಮೇಲೆ ತಟ್ಟೆ ಮುಚ್ಚಿದೆವು. ಗೆಳೆಯನ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. "ತಲಿ ಬೆಳ್ಳಗಾಗ್ಲಿಕತ್ತದ, ಇನ್ನೂ ಅಪ್ಪಗ ಹೆದರಿ ಲೋಟಾದಾಗ ಕುಡೀತೀರಿ!"

ಅವಳ ಬೆನ್ನ ಹಿಂದೆಯೇ ಹಿರಿಯರು ಬಂದರು. ನಾವು ಅಡುಗೆಕಟ್ಟೆಯ ಕಡೆ ಬೆನ್ನು ಮಾಡಿ, ಲೋಟಗಳಿಗೆ ಅಡ್ಡ ನಿಂತೆವು.

"ಚಾ ಏನೋ ಅದು? ನನಗೂ ಒಂದೀಟು ಕೊಡ್ರಿ," ಎಂದು ಅವರೇ ತಟ್ಟೆ ತೆಗೆದರು.

ಲೋಟ ಮುಖದ ಹತ್ತಿರ ಹೋಯಿತು. ನಿಂತಿತು. ಅವರು ಕುಡಿದರೆಂದು ಆಮೇಲೆ ಸುದ್ದಿ ಕೇಳಿದ ಕೆಲವರು ಹೇಳುತ್ತಿದ್ದಾರೆ, ಕುಡಿಯಲಿಲ್ಲ. ತುಟಿಗೂ ಲೋಟಕ್ಕೂ ನಡುವೆ ಎರಡು ಬೆರಳಿನಷ್ಟು ಜಾಗವಿತ್ತು. ಕಣ್ಣು ಮುಚ್ಚಿದರು.

"ಮಣೂಕ," ಎಂದರು ಮೆಲ್ಲಗೆ. ಆಮೇಲೆ ಜೋರಾಗಿ, "ಲೇ, ಮಣೂಕದ ವಾಸನಿ ಬರ್ಲಿಕತ್ತದ!"

ಗೆಳೆಯನ ಮುಖ ಬಿಳಿಚಿಕೊಂಡಿತು. "ಅಪ್ಪಾ, ಅದು... ವೈನ್."

"ಗೊತ್ತಾತು ಬಿಡೋ. ಚಾ ಆಗಿದ್ರ ಇಬ್ಬರೂ ಕಳ್ಳರಂಗ್ಯಾಕ ನಿಂತಿದ್ರಿ? ಸುಮ್ನಿರು, ಇನ್ನೊಮ್ಮೆ ಮೂಸತೀನಿ."

ಸೊಸೆ ಓಡಿ ಹೋಗಿ ಇಂಗಿನ ಡಬ್ಬಿ ತಂದಳು. ಮೂಸಿದರು, ತಲೆಯಾಡಿಸಿದರು, ಇಲ್ಲ. ಕಾಫಿಪುಡಿ, ಅದೂ ಇಲ್ಲ. ಮತ್ತೆ ಲೋಟ. ಈ ಸಲ ನಕ್ಕುಬಿಟ್ಟರು. ಇದಕ್ಕಿಂತ ಹೆಚ್ಚಾಗಿ ಅಂದು ಏನೂ ಮರಳಲಿಲ್ಲ, ಹೆಚ್ಚು ಮಾಡಿ ಹೇಳುವುದು ಬೇಡ.

"ದಿನಾ ಒಂದೊಂದ ಮೂಸಿ ನೋಡೋಣ್ರೀ ಮಾವಾರ, ಬ್ಯಾರೆ ವಾಸನಿನೂ ಬರ್ತಾವ," ಎಂದಳು ಸೊಸೆ, ಕಣ್ಣೊರೆಸಿಕೊಳ್ಳುತ್ತ.

"ಬ್ಯಾರೆ ಯಾಕವ್ವಾ? ನನಗ ಬೇಕಾಗಿದ್ದು ಇದೊಂದ."

ಅಲ್ಲೇ ನಿಂತು ಊರಿಗೆ ಫೋನ್ ಹಚ್ಚಿಸಿದರು. ತಮ್ಮನಿಗೆ ಹೇಳಿದ್ದು ಇಷ್ಟೇ: "ಶೆಡ್ ಕೊಡಂಗಿಲ್ಲ ಅಂತ ಹೇಳಿಬಿಡು."

ಇದನ್ನು ಕಣ್ಣಾರೆ ಕಂಡವರು ನನ್ನ ಜೊತೆಗೆ ಗೆಳೆಯ ಮತ್ತು ಅವನ ಹೆಂಡತಿ. ಇಬ್ಬರೂ ರೆನ್ನಿಂಗೆನ್‌ನಲ್ಲೇ ಇದ್ದಾರೆ. ಹಿರಿಯರೂ ಬದುಕಿದ್ದಾರೆ. ಈ ಹಂಗಾಮಿನಲ್ಲಿ ಶೆಡ್ಡಿನ ಬಾಗಿಲು ಅವರೇ ತೆಗೆದರಂತೆ.