ಗುಡ್ಡ ದಾಟದ ‘ತಡೀರಿ’

ಹುಸೇನಸಾಬ್ ಕಾಕಾ, ಅವತ್ತು ನೀವು ಮಲಗಿರಲಿಲ್ಲ. ನಿಮ್ಮ ವಾಕಿಟಾಕಿಯ ಬಲ ಇಳಿಸಿಟ್ಟವನು ನಾನು. ಗೊತ್ತಿದ್ದೂ ಬಾಯಿ ಬಿಡದೆ ನಿಂತವನೂ ನಾನೇ.

ಕುಷ್ಟಗಿ ಕಡೆಯ ಆ ಕಲ್ಲು ಕ್ವಾರಿಯಲ್ಲಿ ಸೆಟ್‌ಗಳ ಚಾರ್ಜು, ರಿಪೇರಿ ನನ್ನ ಕೆಲಸ. ಗುಡ್ಡದಾಚೆಯ ಕುರಿ ದಾರಿ ಕಾಯುವುದು ನಿಮ್ಮದು. ಬಂಡೆ ಸೀಳಲು ಮದ್ದು ಹಾರಿಸುವ ಮುಂಚೆ, ದಾರಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಮೇಸ್ತ್ರಿ ಸೆಟ್‌ನಲ್ಲಿ ಕೇಳುತ್ತಿದ್ದರು. ಜನ ಇದ್ದರೆ ಮಾತ್ರ ನೀವು ‘ತಡೀರಿ’ ಅನ್ನಬೇಕು. ಸುಮ್ಮನಿದ್ದರೆ ದಾರಿ ಖಾಲಿ. ಎಂಥ ರೂಢಿ ನೋಡಿ — ಸದ್ದಿಲ್ಲದಿರುವುದನ್ನೇ ಉತ್ತರ ಎಂದು ನಂಬಿದ್ದೆವು, ನಾವೆಲ್ಲ.

ನಿಮ್ಮ ಸೆಟ್‌ನ ಬ್ಯಾಟರಿ ಮಧ್ಯಾಹ್ನಕ್ಕೇ ಇಳಿದುಹೋಗುತ್ತಿತ್ತು. ಬೇರೆ ತರಿಸಲು ನನಗೆ ಆಲಸ್ಯ. ಇದ್ದದ್ದೇ ಸಂಜೆವರೆಗೆ ಬಾಳಲೆಂದು ಸೆಟ್‌ನ ಬಲವನ್ನು ಐದು ವ್ಯಾಟ್‌ನಿಂದ ಒಂದಕ್ಕೆ ಇಳಿಸಿದೆ. ರಿಪೇರಿ ಶೆಡ್ಡಿನ ಮುಂದೆಯೇ ನಿಂತು ಮಾತಾಡಿ ನೋಡಿದೆ — ಇನ್ನೊಂದು ಸೆಟ್‌ನಲ್ಲಿ ಸಿಗ್ನಲ್ ಗೆರೆಗಳೆಲ್ಲ ತುಂಬಿದ್ದವು, ದನಿ ಮೊದಲಿನಷ್ಟೇ ಜೋರು. ಹತ್ತಿರದಲ್ಲಿ ಹಾಗೆಯೇ, ಬಲ ಐದು ಪಟ್ಟು ಏರಲಿ ಇಳಿಯಲಿ, ಕಿವಿಗೆ ಏನೂ ತಿಳಿಯುವುದಿಲ್ಲ. ಗುಡ್ಡದಾಚೆ, ದನಿ ಮುಟ್ಟೀತೋ ಇಲ್ಲವೋ ಅನ್ನುವ ಅಂಚಿನಲ್ಲಿ ಆ ವ್ಯತ್ಯಾಸವೇ ಎಲ್ಲ. ಅಲ್ಲಿಗೆ ಹೋಗಿ ಪರೀಕ್ಷೆ ಮಾಡಬೇಕಿತ್ತು. ಹೋಗಲಿಲ್ಲ. ಬಿಸಿಲಿತ್ತು.

ಆ ದಿನ ಮೇಸ್ತ್ರಿ ಕೇಳಿದರು. ಸೆಟ್ ಸುಮ್ಮನಿತ್ತು. ಇನ್ನೊಮ್ಮೆ ಕೇಳಿದರು — ಆಗಲೂ ಸುಮ್ಮನೆ. ಮದ್ದು ಹಾರಿತು. ಹಿಂದೆಯೇ ಗುಡ್ಡದಾಚೆಯಿಂದ ಕೂಗು. ಕುರಿ ಹೊಡೆದುಕೊಂಡು ಬರುತ್ತಿದ್ದ ಭರಮಪ್ಪನ ಹೆಗಲಿಗೆ ಕಲ್ಲು ಬಡಿದಿತ್ತು. ಜೀವ ಉಳಿಯಿತು, ಬಲಗೈ ಇವತ್ತಿಗೂ ಮೇಲೇಳುವುದಿಲ್ಲ.

ಅವನನ್ನು ದವಾಖಾನೆಗೆ ಮುಟ್ಟಿಸಿ ಬಂದಿರಿ. ಅಂಗಿಯ ಮೇಲೆ ಅವನ ರಕ್ತ ಇನ್ನೂ ಇತ್ತು.

‘ಬೇವಿನ ನೆಳ್ಳು ಛಲೋ ಇತ್ತೇನೋ ಹುಸೇನಾ? ಕಣ್ಣು ಹತ್ತಿತ್ತೇನು?’ ಮೇಸ್ತ್ರಿ ಕೇಳಿದರು.

‘ಇಲ್ರಿ. ತಡೀರಿ, ಭರಮಪ್ಪ ಬರಾಕತ್ಯಾನ ಅಂತ ಭಾಳ ಒದರೀನ್ರಿ. ನಿಮ್ಮ ಮಾತು ನನಗ ಸ್ವಚ್ಛ ಕೇಳಾಕತ್ತಿತ್ತು.’

‘ನಮ್ದು ನಿನಗ ಕೇಳತೈತಿ, ನಿಂದು ನಮಗ ಕೇಳಂಗಿಲ್ಲ. ಭಾರಿ ಸೆಟ್ ಬಿಡಪಾ ನಿಂದು.’

ಜನ ನಕ್ಕರು.

ನನಗೆ ತಿಳಿದದ್ದು ಆಗಲೇ, ಕಾಕಾ. ಮೇಸ್ತ್ರಿಯ ಸೆಟ್ ಪೂರ್ತಿ ಬಲದಲ್ಲಿತ್ತು, ಅವರ ದನಿ ಗುಡ್ಡ ದಾಟಿತ್ತು. ನಿಮ್ಮದು ದಾಟಲಿಲ್ಲ. ನೀವು ನನ್ನ ಕಡೆ ತಿರುಗಿ, ‘ನೀನರ ಹೇಳಪಾ, ಸೆಟ್ಟಿಂದು ನಿನಗ ಗೊತ್ತೈತಲ್ಲ’ ಅಂದಿರಿ. ನಾನು ನೆಲ ನೋಡುತ್ತ —

‘ಸೆಟ್ ಬರೋಬ್ಬರಿ ಐತ್ರಿ’ ಅಂದೆ.

ಆಮೇಲೆ ನಿಮ್ಮ ಕೈಯಿಂದ ಅದನ್ನು ಇಸಿದುಕೊಂಡು ಶೆಡ್ಡಿಗೆ ಹೋಗಿ, ಬಲವನ್ನು ಮತ್ತೆ ಐದಕ್ಕೆ ಏರಿಸಿದೆ. ಯಾರಾದರೂ ನೋಡಿದರೆ ಎಂದು. ಹೆದರಿಕೆಗೆ ಬಾಯಿ ಸುಳ್ಳಾಡಿತೆನ್ನಬಹುದು. ಈ ಕೈಗಳು ಮಾಡಿದ್ದಕ್ಕೆ ಏನೆನ್ನಲಿ?

ನಿಮ್ಮ ಕೆಲಸ ಹೋಯಿತು. ದಿನವೂ ನಿಮ್ಮ ಪಕ್ಕ ಕೂತು ರೊಟ್ಟಿ ಹಂಚಿಕೊಳ್ಳುತ್ತಿದ್ದ ಭರಮಪ್ಪ, ‘ಎಚ್ಚರ ಇದ್ದಿದ್ರ ಮದ್ದು ಯಾಕ ಹಾರತಿತ್ತು?’ ಅಂದವನು, ವರ್ಷಗಳಾದರೂ ನಿಮ್ಮ ಜೊತೆ ಮಾತಾಡಿಲ್ಲ.

ಮೊನ್ನೆ ಇರಕಲ್ಲಗಡದಲ್ಲಿ ಸಿಕ್ಕಾಗ ನೀವೇ ನನ್ನನ್ನು ಕರೆದು ಚಹಾ ಕೊಡಿಸಿದಿರಿ. ‘ಭರಮಪ್ಪನ ಕೈ ಈಗ ಹೆಂಗೈತಪಾ?’ ಎಂದು ಕೇಳಿದಿರಿ. ಲೋಟ ಹಾಗೇ ಇಟ್ಟು ಎದ್ದುಬಂದೆ.

ನಾಳೆ ಬೆಳಿಗ್ಗೆ ಭರಮಪ್ಪನ ಮನೆಗೆ ಹೋಗುತ್ತೇನೆ. ಮೊದಲು ಅವನಿಗೆ ಹೇಳಬೇಕು, ಆಮೇಲೆ ಕ್ವಾರಿಯಲ್ಲಿ, ಅವತ್ತು ನಕ್ಕವರೆದುರು. ಅಷ್ಟಾಗುವವರೆಗೆ, ಕಾಕಾ, ನಿಮ್ಮಲ್ಲಿ ಕ್ಷಮೆ ಕೇಳಲು ನನಗೆ ಬಾಯಿಲ್ಲ.