ಮೈಕ್ ಆನ್ ಇತ್ತು

ಸಾಂತಾನಣ್ಣ, ಮೈಕ್ ಆನ್ ಇತ್ತು. ನೀವು ಗುಂಡಿಯನ್ನು ಸರಿಯಾಗಿಯೇ ಮೇಲಕ್ಕೆ ತಳ್ಳಿದ್ದಿರಿ. ಬಾವಿಯ ಬಗ್ಗೆ ಮ್ಯಾನೇಜರ್ ಸಾಹೇಬರು ಆಡಿದ ಮಾತು ಒಂದಕ್ಷರ ಬಿಡದೆ ಟೇಪಿನಲ್ಲಿ ಬಂದಿತ್ತು. ಅದನ್ನು ಅಳಿಸಿದವಳು ನಾನು. ಅಳಿಸಿ, ಆಮೇಲೆ ನಿಮ್ಮ ವಾಡಿಯ ಜನರೆದುರು ನಿಂತು, ಮೈಕ್ ಆನ್ ಇರಲಿಲ್ಲ ಎಂದು ಹೇಳಿದವಳೂ ನಾನೇ.

ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಈಗಲೂ ನಾನಾಗಿ ಹೇಳುತ್ತಿಲ್ಲ. ಹೋದ ತಿಂಗಳು ಹಳಿಯಾಳದ ಬಸ್ ನಿಲ್ದಾಣದಲ್ಲಿ ನೀವು ಸಿಗದಿದ್ದರೆ, ಬಹುಶಃ ಇದು ನನ್ನ ಜೊತೆಯೇ ಮಣ್ಣಾಗುತ್ತಿತ್ತು.

ಬೇರೆಯವರೂ ಓದಲಿ ಎಂದೇ ಬರೆಯುತ್ತಿದ್ದೇನೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಹೇಳಬೇಕಾಗುತ್ತದೆ. ಎಂಬತ್ತರ ದಶಕದ ನಡುವಿನ ಮಾತು. ದಾಂಡೇಲಿಯಲ್ಲಿ ಮರದ ದಾಸ್ತಾನು ಮಾಡುವ ಒಂದು ಖಾಸಗಿ ಕಂಪನಿಯಿತ್ತು. ಈಗ ಅದಿಲ್ಲ, ಹೆಸರು ಬರೆದು ಆಗಬೇಕಾದ್ದೂ ಇಲ್ಲ. ನಾನು ಅಲ್ಲಿ ಟೈಪಿಸ್ಟ್ ಆಗಿ ಸೇರಿದವಳು. ಕೂಲಿಯವರಿಗೆ ಸುರಕ್ಷತೆಯ ಪಾಠ ತೋರಿಸಲೆಂದು ಕಂಪನಿ ಒಂದು ವಿಡಿಯೋ ವಿಭಾಗ ತೆರೆದಾಗ, ಕೀಲಿಮಣೆ ಬಲ್ಲವಳು ಎಂದು ನನ್ನನ್ನು ಅಲ್ಲಿಗೆ ಹಾಕಿದರು. ವಿಭಾಗವೆಂದರೆ ಒಂದು ಕೋಣೆ, ಒಂದು ಕ್ಯಾಮೆರಾ, ಎರಡು ಟೇಪ್ ಯಂತ್ರ, ಮುಖ್ಯಸ್ಥರಾದ ದೇಸಾಯಿ ಸರ್, ಮತ್ತು ನಾನು. ಮಳೆಗಾಲದಲ್ಲಿ ಟೇಪುಗಳಿಗೆ ಬೂಸು ಹಿಡಿಯದಂತೆ ಕಪಾಟಿನೊಳಗೆ ಬಲ್ಬು ಉರಿಸಿಡುವುದು, ಯಂತ್ರದ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸುವುದು, ಸಂಜೆ ಎಲ್ಲದರ ಮೇಲೆ ನನ್ನದೊಂದು ಹಳೆಯ ಸೀರೆಯ ತುಂಡು ಹೊದಿಸಿ ಮನೆಗೆ ಹೋಗುವುದು — ದೇವರ ಪೆಟ್ಟಿಗೆ ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಿದ್ದೆ. ಹೆಂಗಸೊಬ್ಬಳು ಇಂಥ ಯಂತ್ರ ನಡೆಸುತ್ತಾಳೆ ಎಂದು ಜನ ಕಿಟಕಿಯಲ್ಲಿ ಇಣುಕುತ್ತಿದ್ದರು. ಹೆಮ್ಮೆಯಿತ್ತು. ಆ ಹೆಮ್ಮೆ ಇಲ್ಲದಿದ್ದರೆ —

ಇರಲಿ. ನಿಮ್ಮ ವಾಡಿಯ ವಿಷಯಕ್ಕೆ ಬರುತ್ತೇನೆ.

ಹಳಿಯಾಳದ ದಾರಿಯಲ್ಲಿ, ಕಾಡಿನಂಚಿಗೆ, ನಿಮ್ಮ ಸಿದ್ದಿ ಮನೆಗಳ ಕೆಳಗಿನ ಇಳಿಜಾರು ಕಂಪನಿಗೆ ದಾಸ್ತಾನಿಗೆ ಬೇಕಾಗಿತ್ತು. ನೀವೆಲ್ಲ ಹೆಬ್ಬೆಟ್ಟು ಒತ್ತಿ ಬಿಟ್ಟುಕೊಟ್ಟರೆ ಕೆಲಸ ಆಗುತ್ತಿತ್ತು. ಇಳಿಜಾರು ಕೊಡಲು ನೀವು ಒಪ್ಪಿದ್ದಿರಿ. ಆದರೆ ವಾಡಿಗೆ ಇದ್ದ ಒಂದೇ ಬಾವಿ ಆ ಇಳಿಜಾರಿನೊಳಗೇ ಇತ್ತು. ಮಾತುಕತೆಯ ದಿನ ಚಿತ್ರ ತೆಗೆಯಲೆಂದು ನಾವೂ ಜೀಪಿನಲ್ಲಿ ಬಂದೆವು. ಇಳಿದ ಕೂಡಲೇ ನಿಮ್ಮ ಹೆಂಡತಿ ಮರಿಯಕ್ಕ ಬೆಲ್ಲ ಮತ್ತು ಅದೇ ಬಾವಿಯ ನೀರು ತಂದುಕೊಟ್ಟರು. ಆ ನೀರು ಎಷ್ಟು ತಣ್ಣಗಿತ್ತೆಂದರೆ ಹಲ್ಲು ಜುಮ್ಮೆಂದಿತು.

ಬಾವಿಯ ಮಾತನ್ನು ಬರೆದುಕೊಡಲು ಸಾಹೇಬರು ಕಾಗದ ತೆಗೆದರು. ಮರಿಯಕ್ಕ ಅದನ್ನು ಮುಟ್ಟಲಿಲ್ಲ.

"ಕಾಗದ ಬ್ಯಾಡ್ರೀ ಸಾಹೇಬ್ರ. ಓದಾಂವ ತನಗ ಬೇಕಾದಂಗ ಓದ್ತಾನ. ನಮ್ಮ ಮಾವಗ ಹಂಗ ಓದಿ ಹೇಳಿದ್ರು, ಹೊಲಾನ ಹೋತು. ನೀವು ಬಾಯಿಲೆ ಹೇಳ್ರಿ, ಈ ಮಿಷನ್ನಿನಾಗ. ಆಮ್ಯಾಲ ಹೆಬ್ಬಟ್ಟು ಒತ್ತತೇವಿ."

"ಬಾಯಿಲೆ ಹೇಳಿದ್ದು ಗಾಳಿಗೆ ಹೋಗ್ತೈತೆವಾ," ಎಂದು ದೇಸಾಯಿ ಸರ್ ನಕ್ಕರು.

ಮರಿಯಕ್ಕ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಹೌದೇನ ತಂಗಿ? ಇದರಾಗ ಹಿಡದಿಟ್ಟ ಮಾತೂ ಹೋಗ್ತೈತೇನು?"

"ಇಲ್ಲ ಅಕ್ಕಾ. ಎಲ್ಲೂ ಹೋಗೂದಿಲ್ಲ."

ಹಾಗೆ ಹೇಳೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನನ್ನ ಯಂತ್ರದ ಮೇಲಿನ ಹೆಮ್ಮೆಯಿಂದ ಬಂದ ಮಾತು ಅದು. ನಿಮ್ಮ ಜನ ಕಾಗದ ಬಿಟ್ಟು ನನ್ನನ್ನು ನಂಬಿದರು.

ನಮ್ಮ ಬಳಿ ಎರಡು ಮೈಕ್ ಇದ್ದವು. ಒಂದು ಮರಿಯಕ್ಕನ ಕೈಗೆ ಕೊಟ್ಟೆವು. ಸಾಹೇಬರ ಮುಂದೆ ಇನ್ನೊಂದನ್ನು ಹಿಡಿಯಲು ಆಳಿರಲಿಲ್ಲ; ನೀವು ಮುಂದೆ ಬಂದಿರಿ. ನಾನು ಗುಂಡಿ ತೋರಿಸಿದೆ — "ಇದು ಮ್ಯಾಲ ಇರಬೇಕ್ರಿ ಅಣ್ಣಾ. ಕೆಳಗ ಬಂತಂದ್ರ ಮಾತು ಬರೂದಿಲ್ಲ."

"ಡಮಾಮಿ ಬಾರ್ಸೂ ಕೈ ಐತ್ರೀ ಬಾಯೋರ ಇದು. ಇಷ್ಟು ದೊಡ್ಡ ಡೋಲ ಮಾತಾಡಸ್ತೇನಿ, ಈ ಬದನಿಕಾಯಿ ಮಾತಾಡ್ಸಾಕ ಬರೂದಿಲ್ಲೇನು?" ಎಂದಿರಿ. ಮೈಕನ್ನು ಬದನೆಕಾಯಿ ಎಂದಿದ್ದಕ್ಕೆ ಇಡೀ ವಾಡಿ ನಕ್ಕಿತು. ಸಾಹೇಬರೂ ನಕ್ಕರು.

ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದೆ. ಎಡಗಿವಿಗೆ ಮರಿಯಕ್ಕನ ಮೈಕ್, ಬಲಗಿವಿಗೆ ನಿಮ್ಮದು. "ಬಾವಿ ನಮಗ ಬಿಡ್ತೀರಿ ಅಲ್ರೀ?" ಎಂದು ಎಡಗಿವಿಯಲ್ಲಿ ಕೇಳಿತು. "ಬಾವಿ ನಿಮ್ಮದ. ಅದಕ್ಕ ನಾವು ಬೇಲಿ ಹಾಕೂದಿಲ್ಲ. ಆತ?" ಎಂದು ಬಲಗಿವಿಯಲ್ಲಿ. ಪಕ್ಕದಲ್ಲೇ ನಮ್ಮ ಜನರೇಟರ್ ಗುಡುಗುತ್ತಿತ್ತು. ಮರಿಯಕ್ಕನ ಮೈಕಿಗೆ ಸಾಹೇಬರ ಮಾತು ಮುಟ್ಟುವಂತೆಯೇ ಇರಲಿಲ್ಲ. ಅದು ಬಂದದ್ದು ನಿಮ್ಮ ಕೈಯಲ್ಲಿದ್ದ ಮೈಕಿನಿಂದ, ಅದೊಂದರಿಂದಲೇ. ಆಮೇಲೆ ಇಳಿಜಾರಿನ ಪತ್ರಕ್ಕೆ ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದಿರಿ.

ಆ ಟೇಪು ಕಪಾಟಿನಲ್ಲಿ, ಬಲ್ಬಿನ ಬಿಸಿಯಲ್ಲಿ, ಕ್ಷೇಮವಾಗಿತ್ತು — ಮುಂಬಯಿಯಿಂದ ಹೊಸ ಪೆಟ್ಟಿಗೆ ಬರುವ ತನಕ.

ಅದರ ಹೆಸರು ಟೈಮ್ ಕೋಡ್ ರೀಡರ್. ಟೇಪಿನ ಮೇಲಿನ ಪ್ರತಿ ಚಿತ್ರಕ್ಕೂ ಒಂದು ವಿಳಾಸ ಕೊಡುತ್ತಾರೆ: ಗಂಟೆ, ನಿಮಿಷ, ಸೆಕೆಂಡು, ಆ ಸೆಕೆಂಡಿನೊಳಗೆ ಎಷ್ಟನೆಯ ಚಿತ್ರ. ಮೊದಲು ಆ ವಿಳಾಸವನ್ನು ಅದೇ ಪೆಟ್ಟಿಗೆಯಿಂದ ಟೇಪಿಗೆ ತುಂಬಬೇಕು. ತುಂಬಿದ ಮೇಲೆ ರೀಡರ್ ಅದನ್ನು ಓದಿ ಕೆಂಪು ಅಂಕಿಗಳಲ್ಲಿ ತೋರಿಸುತ್ತದೆ. ಸೀರಿಯಲ್ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿದರೆ ಇನ್ನೂ ದೊಡ್ಡ ಸೋಜಿಗ. ಕೀಲಿಮಣೆಯಲ್ಲಿ ವಿಳಾಸ ಒತ್ತಿದರೆ ಸಾಕು, ಟೇಪು ತಾನಾಗಿ ಓಡಿ ಅದೇ ಚಿತ್ರದ ಮೇಲೆ ಹೋಗಿ ನಿಲ್ಲುತ್ತದೆ.

ಜೋಡಿಸಿದ್ದು ನಾನು. ಮೊದಲು ಕಂಪ್ಯೂಟರಿನ ಹಸಿರು ಪರದೆಯ ಮೇಲೆ ಬರೀ ಕಸ ಬಂತು. ಅಕ್ಷರವೂ ಅಲ್ಲ, ಅಂಕಿಯೂ ಅಲ್ಲ. ಪುಸ್ತಕ ತಿರುವಿ ನೋಡಿದರೆ, ಎರಡೂ ಕಡೆ ಮಾತಿನ ವೇಗ ಒಂದೇ ಇರಬೇಕಂತೆ. ರೀಡರಿನ ಬೆನ್ನಿನ ಮೇಲಿನ ಸಣ್ಣ ಸ್ವಿಚ್ಚುಗಳನ್ನು ಹೇರ್‌ಪಿನ್ನಿನಿಂದ ಸರಿಸಿ ವೇಗ ಹೊಂದಿಸಿದೆ. ಕಸ ನಿಂತಿತು. ಆದರೆ ನಾನು ಒತ್ತಿದ ಆಜ್ಞೆ ಮಾತ್ರ ಆ ಕಡೆ ಮುಟ್ಟಲಿಲ್ಲ. ಕೇಬಲ್ಲಿನ ತಲೆ ಬಿಚ್ಚಿದೆ. ಒಂದರ ಬಾಯಿಯಿಂದ ಹೊರಟ ತಂತಿ ಇನ್ನೊಂದರ ಕಿವಿಗೆ ಹೋಗಬೇಕು. ಯಾರೋ ಬಾಯಿಗೆ ಬಾಯಿಯನ್ನೇ ಕಟ್ಟಿ ಕಳಿಸಿದ್ದರು. ಆ ತಂತಿಯ ಬೆಸುಗೆ ಕಿತ್ತು, ಜಾಗ ಬದಲಿಸಿ, ಮತ್ತೆ ಬೆಸೆದೆ. ಬೇಡವಾದ ಹಳೆಯ ತರಬೇತಿ ಟೇಪೊಂದಕ್ಕೆ ವಿಳಾಸ ತುಂಬಿ ಒತ್ತಿದೆ, ಅದು ಓಡಿ ಹೋಗಿ ನಿಂತಿತು. ಆ ಮಧ್ಯಾಹ್ನ ಚಪಾತಿ ಡಬ್ಬಿಯನ್ನು ಯಂತ್ರದ ಎದುರೇ ತೆಗೆದು, ಅಂಕಿಗಳನ್ನು ನೋಡುತ್ತ ಊಟ ಮಾಡಿದೆ. ಯಾರ ಬಾಯಿ ಯಾರ ಕಿವಿಗೆ ಎಂದು ಅಷ್ಟು ತಾಳ್ಮೆಯಿಂದ ಹುಡುಕಿದವಳು ನಾನು. ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಮರುದಿನ ಸಾಹೇಬರು ಹೊಸ ಯಂತ್ರ ನೋಡಲು ಬರುವವರಿದ್ದರು. ತಮ್ಮನ್ನೇ ತಾವು ನೋಡಿಕೊಂಡರೆ ಖುಷಿಪಡುತ್ತಾರೆ ಎಂದು ದೇಸಾಯಿ ಸರ್ ನಿಮ್ಮ ವಾಡಿಯ ಟೇಪು ತೆಗೆದುಕೊಟ್ಟರು. ಅದಕ್ಕೆ ಇನ್ನೂ ವಿಳಾಸ ತುಂಬಿರಲಿಲ್ಲ. ಆ ಟೇಪಿನಲ್ಲಿ ಧ್ವನಿಗೆ ಎರಡು ದಾರಿಗಳಿರುತ್ತವೆ. ವಿಳಾಸ ತುಂಬುವುದು ಎರಡನೆಯ ದಾರಿಯಲ್ಲಿ. ಅಲ್ಲಿ ಮೊದಲು ಏನಿತ್ತೋ ಅದು ಹೋಗುತ್ತದೆ. ಅದಕ್ಕೇ ಮೂಲ ಟೇಪನ್ನು ಮುಟ್ಟಬಾರದು, ಪ್ರತಿ ಮಾಡಿಕೊಂಡು ಪ್ರತಿಗೆ ತುಂಬಬೇಕು ಎಂದು ನಮಗೆ ಕಲಿಸಿದ್ದರು. ಪ್ರತಿ ಮಾಡಲು ಎರಡು ಯಂತ್ರ ಬೇಕು. ಒಂದು ರಿಪೇರಿಗೆಂದು ಹುಬ್ಬಳ್ಳಿಗೆ ಹೋಗಿತ್ತು.

"ಇದರ ಮ್ಯಾಲೇ ಹಾಕಿಬಿಡು," ಎಂದರು ದೇಸಾಯಿ ಸರ್.

"ಎರಡನೇ ಸೌಂಡ್ ಹೋಗ್ತೈತ್ರೀ ಸರ್. ಸಾಹೇಬ್ರ ಮಾತು ಅದರಾಗ ಐತ್ರಿ."

"ಮಾರಿ ಕಾಣಸ್ತೈತಿಲ್ಲೊ? ಸಾಕು. ಅವ್ರ ಮಾತು ಅವ್ರಿಗೆ ನೆನಪಿರ್ತೈತಿ."

ನನಗೆ ಗೊತ್ತಿತ್ತು, ಸಾಂತಾನಣ್ಣ. ಗೊತ್ತಿದ್ದದ್ದಕ್ಕೇ ಹಾಗೆ ಹೇಳಿದ್ದು. ಯಂತ್ರ ಹುಬ್ಬಳ್ಳಿಯಿಂದ ಬರಲಿ, ನಾಲ್ಕು ದಿನ ತಡೆಯಿರಿ ಎಂದರೆ ದೇಸಾಯಿ ಸರ್ ಗೊಣಗುತ್ತಿದ್ದರು, ಅಷ್ಟೇ. ಕೆಲಸ ಹೋಗುತ್ತಿರಲಿಲ್ಲ. ಆದರೆ ನಾಳೆ ಎಲ್ಲರೆದುರು ಆ ಟೇಪು ಓಡಿ ನಿಲ್ಲುವುದನ್ನು ತೋರಿಸುವ ಆಸೆ ಅವರಿಗಿಂತ ನನಗೇ ಹೆಚ್ಚಿತ್ತು. ಗುಂಡಿ ಒತ್ತಿದೆ. ಎಡಗಿವಿಯಲ್ಲಿ ಮರಿಯಕ್ಕ ಮಾತಾಡುತ್ತಲೇ ಇದ್ದರು. ಬಲಗಿವಿಯಲ್ಲಿ ತಗಡಿನ ಡಬ್ಬಿಯನ್ನು ಮೊಳೆಯಿಂದ ಕೆರೆದಂಥ ಸದ್ದು — ವಿಳಾಸದ ಸದ್ದು ಹಾಗೇ ಇರುತ್ತದೆ. ಹೆಡ್‌ಫೋನ್ ತೆಗೆದಿಟ್ಟು ಚಹಾ ಕುಡಿಯಲು ಹೋದೆ.

ಮರುದಿನ ಸಾಹೇಬರು ಕುರ್ಚಿ ಎಳೆದುಕೊಂಡು ಕುಳಿತರು. ನಾನು ವಿಳಾಸ ಒತ್ತಿದೆ. ಟೇಪು ಓಡಿ, ತಡವರಿಸಿ, ಅವರ ತೆರೆದ ಬಾಯಿಯ ಮೇಲೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆರೆತದ ಸದ್ದು ಬಾರದಂತೆ ಎರಡನೆಯ ಧ್ವನಿ ಮುಚ್ಚಿ, ಸ್ವಲ್ಪ ಹಿಂದಕ್ಕೆ ತಂದು ಓಡಿಸಿದೆ. ಮರಿಯಕ್ಕನ ಪ್ರಶ್ನೆ ಕೇಳಿತು, ಸಾಹೇಬರ ತುಟಿ ಆಡಿತು, ದನಿಯಿಲ್ಲ.

"ನೋಡ್ರೀ ದೇಸಾಯಿ, ನಾ ಎಷ್ಟು ಶಾಣ್ಯಾ ಅದೇನಿ! ಮಾತ ಆಡಿಲ್ಲ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಅವರು ನನ್ನನ್ನು ಕೇಳಿದರು, "ನನ್ನ ದನಿ ಎಲ್ಲಿ ಹೋತು?"

"ಅಲ್ಲಿ ಈಗ ಅಂಕಿ ಅದಾವ್ರಿ."

"ತಿರುಗಿ ಬರೂದಿಲ್ಲ?"

"ಇಲ್ರಿ."

ಅವರು ಕುರ್ಚಿಯನ್ನು ಮುಂದಕ್ಕೆಳೆದು ಕೆಂಪು ಅಂಕಿಗಳನ್ನು ಬಗ್ಗಿ ನೋಡಿದರು. ಎದ್ದು ಹೋಗುವಾಗ ಪೆಟ್ಟಿಗೆಯ ಮೇಲೆ ಕೈಯಾಡಿಸಿ, "ಭಾಳ ಚಲೋ ಮಿಷನ್," ಎಂದರು. ಬೇಲಿಯ ಯೋಚನೆ ಆ ಕುರ್ಚಿಯಲ್ಲೇ ಹುಟ್ಟಿತೆಂದು ನಾನು ಸಾಬೀತು ಮಾಡಲಾರೆ. ಆದರೆ ಅದೇ ಬೇಸಿಗೆಯಲ್ಲಿ ಬಾವಿಯ ಸುತ್ತ ಮುಳ್ಳುತಂತಿ ಬಂತು, ಗೇಟಿಗೆ ಬೀಗ ಬಂತು.

ಆಗ ನೀವು ಬಂದಿರಿ. ನೀವು, ಮರಿಯಕ್ಕ, ವಾಡಿಯ ಕೆಲವರು. ಟೇಪಿನಲ್ಲಿ ಮಾತಿದ್ದರೆ ತನ್ನಿ, ಇಲ್ಲದಿದ್ದರೆ ನಿಮ್ಮ ಬಾಯಿಮಾತಿನ ಎದುರು ಅವರ ಬಾಯಿಮಾತು, ಕೇಸು ನಿಲ್ಲುವುದಿಲ್ಲ ಎಂದು ಹಳಿಯಾಳದ ವಕೀಲರು ಹೇಳಿಕಳಿಸಿದ್ದರು. ಚಪ್ಪಲಿಗಳನ್ನು ಹೊರಗೆ ಬಿಟ್ಟು ಒಳಗೆ ಬಂದಿರಿ, ಗುಡಿಗೋ ಚರ್ಚಿಗೋ ಬಂದ ಹಾಗೆ. ದೇಸಾಯಿ ಸರ್ ಬಾಗಿಲಲ್ಲಿ ನಿಂತಿದ್ದರು. ಅವರು ನನಗೆ ಹೇಳಿಕೊಡುವ ಅಗತ್ಯವಿರಲಿಲ್ಲ. ಆ ಕರ್ಕಶ ಸದ್ದು ನಿಮಗೆ ಕೇಳಿಸದಿರಲೆಂದು ನಾನೇ ಎರಡನೆಯ ಧ್ವನಿಯನ್ನು ಮುಚ್ಚಿ, ಮೊದಲನೆಯದನ್ನಷ್ಟೇ ಬಿಟ್ಟೆ. ವಿಳಾಸ ಒತ್ತಿದೆ. ಮರಿಯಕ್ಕನ ದನಿ ಕೋಣೆ ತುಂಬಿತು: "ಬಾವಿ ನಮಗ ಬಿಡ್ತೀರಿ ಅಲ್ರೀ?" ಆಮೇಲೆ ಜನರೇಟರಿನ ಗುಡುಗು. ತುಟಿಗಳು.

"ಇನ್ನೊಮ್ಮೆ ಹಚ್ಚು ತಂಗಿ," ಎಂದರು ಮರಿಯಕ್ಕ. ಹಚ್ಚಿದೆ.

"ಅವರ ಮಾತೆಲ್ಲಿ?"

ನಾನು ನಿಮ್ಮನ್ನು ನೋಡಲಿಲ್ಲ. ಕೀಲಿಮಣೆಯನ್ನು ನೋಡುತ್ತ ಹೇಳಿದೆ, "ಅವರ ಕಡೆ ಮೈಕ್ ಆನ್ ಇರಲಿಲ್ಲ ಅಕ್ಕಾ."

ಆ ಮೈಕ್ ಯಾರ ಕೈಯಲ್ಲಿತ್ತು ಎಂದು ಎಲ್ಲರಿಗೂ ಗೊತ್ತಿತ್ತು. ಹಿಂದಿನಿಂದ ಯಾರೋ ಅಂದರು, "ಡಮಾಮಿ ಬಾರ್ಸೂ ಕೈ ಅಂದ್ಯಲ್ಲೋ ಸಾಂತಾನ್ಯಾ, ಒಂದು ಗುಂಡಿ ಒತ್ತಾಕ ಬರಲಿಲ್ಲಾ?" ಈ ಸಲ ಯಾರೂ ನಗಲಿಲ್ಲ. ಮರಿಯಕ್ಕ ನಿಮ್ಮ ಕಡೆ ತಿರುಗಿ, "ಒತ್ತಿದ್ಯೋ ಇಲ್ಲೋ, ಖರೇ ಹೇಳು," ಎಂದರು. ನೀವು ನಿಮ್ಮ ಬಲಗೈ ಹೆಬ್ಬೆರಳನ್ನು ನೋಡಿಕೊಂಡಿರಿ.

"ಒತ್ತಿದ್ನೆ," ಎಂದಿರಿ. ಆಮೇಲೆ, ಮೆಲ್ಲಗೆ — "ಒತ್ತಿದ್ದೆ ಅನಸ್ತೈತಿ."

ಆ 'ಅನಸ್ತೈತಿ' ನಾನು ನಿಮಗೆ ಕೊಟ್ಟದ್ದು. ಖರೇ ಇದ್ದ ನೆನಪಿನೊಳಗೆ ಕೈಹಾಕಿ ಅದನ್ನು ಅನುಮಾನ ಮಾಡಿದೆ.

ಆಮೇಲಿನದನ್ನು ನಾನು ಬೇರೆಯವರ ಬಾಯಿಂದ ಕೇಳಿದೆ. ಹೆಂಗಸರು ಕೊಡ ಹೊತ್ತು ಹಳ್ಳಕ್ಕೆ ಇಳಿಯಲು ಶುರುಮಾಡಿದರು. ಹಳ್ಳ ಬತ್ತಿದಾಗ ಅದರ ಮರಳು ತೋಡಿ, ಬಟ್ಟಲಿನಿಂದ ನೀರು ತುಂಬುತ್ತಿದ್ದರು. ನಿಮಗೆ 'ಮೂಕ ಮೈಕಿನ ಸಾಂತಾನ' ಎಂಬ ಹೆಸರು ಬಿತ್ತು. ಹಬ್ಬದಲ್ಲಿ ಡಮಾಮಿ ಬಾರಿಸಲು ನೀವು ಕುಳಿತುಕೊಳ್ಳುವುದನ್ನೇ ಬಿಟ್ಟಿರಿ ಎಂದು ಕೇಳಿದೆ. ನಾನು ಕೆಲಸ ಬಿಟ್ಟೆ, ಮದುವೆಯಾದೆ, ಹಳಿಯಾಳದಲ್ಲೇ ಮನೆ ಮಾಡಿದೆ, ನಲ್ಲಿ ನೀರು ಕುಡಿದೆ. ಕಂಪನಿ ಮುಚ್ಚಿದಾಗ ಟೇಪುಗಳೆಲ್ಲ ಗುಜರಿಗೆ ಹೋದವಂತೆ. ಸಾಹೇಬರ ಆ ಮಾತಿಗೆ ಈಗ ಉಳಿದಿರುವ ಜಾಗ ಒಂದೇ — ನನ್ನ ಬಲಗಿವಿ.

ಹೋದ ತಿಂಗಳು ನಿಲ್ದಾಣದಲ್ಲಿ ನೀವೇ ಗುರುತು ಹಿಡಿದಿರಿ. ಕೂದಲೆಲ್ಲ ಬೆಳ್ಳಗಾಗಿತ್ತು. ಮಕ್ಕಳು ಎಷ್ಟು, ಮೊಣಕಾಲು ನೋವೇನು ಎಂದು ವಿಚಾರಿಸಿ, ಕೊನೆಗೆ ಅಂದಿರಿ: "ಬಾಯೋರ, ನನ್ನ ಬೆರಳಿಗೆ ಇನ್ನೂ ನೆನಪೈತಿ ನೋಡ್ರಿ, ಗುಂಡಿ ಮ್ಯಾಲ ಹೋದದ್ದು. ಆದ್ರ ನೀವು ಕಲತವರು. ನೀವು ಆನ್ ಇರಲಿಲ್ಲ ಅಂದ್ರಿ ಅಂದ್ಮ್ಯಾಲ ಇರಲಿಕ್ಕಿಲ್ಲ. ನನ್ನ ಕೈಯಿಂದ ನಿಮಗೂ ಕೆಟ್ಟ ಹೆಸರು ಬಂತು, ಮನಸಿಗೆ ಹಚ್ಕೋಬ್ಯಾಡ್ರಿ."

ನೀವು ನನ್ನ ಕ್ಷಮೆ ಕೇಳಿದಿರಿ. ನನ್ನ ಕ್ಷಮೆ! ಬಾಯಿ ತೆರೆದೆ. ಮುಂಡಗೋಡದ ಬಸ್ಸು ಬಂತು. ಅದು ನನ್ನ ಬಸ್ಸಲ್ಲ, ಆದರೂ ಹತ್ತಿ ಕುಳಿತೆ.

ಬರುವ ಭಾನುವಾರ ವಾಡಿಗೆ ಬರುತ್ತೇನೆ. ಚರ್ಚಿನಲ್ಲಿ ಪೂಜೆ ಮುಗಿದು ಜನ ಹೊರಗೆ ನಿಂತಿರುವ ಹೊತ್ತಿಗೆ ಇದನ್ನು ಗಟ್ಟಿಯಾಗಿ ಓದುತ್ತೇನೆ, ಬರೆದದ್ದನ್ನು ಬರೆದಂತೆ. ಓದುವವಳು ತನಗೆ ಬೇಕಾದ ಹಾಗೆ ಓದುವುದಿಲ್ಲ. 'ಮೂಕ ಮೈಕು' ಎಂದವರ ಎದುರಿಗೇ ಓದುತ್ತೇನೆ. ಬಾವಿಯನ್ನು ತಂದುಕೊಡಲು ನನ್ನಿಂದಾಗದು. ನಿಮ್ಮ ಬೆರಳನ್ನಾದರೂ ನಿಮಗೆ ಕೊಟ್ಟು ಬರುತ್ತೇನೆ.

ಮರಿಯಕ್ಕ ಎಂದಿನಂತೆ ಬೆಲ್ಲ, ನೀರು ತರಲು ಒಳಗೆ ಹೋದರೆ ತಡೆಯಿರಿ, ಅಣ್ಣಾ. ಮೊದಲು ಕೇಳಲಿ. ಕೇಳಿದ ಮೇಲೆ ತರದಿದ್ದರೆ, ಬಾಯಾರಿಕೆಯಲ್ಲೇ ವಾಪಸು ನಡೆಯುತ್ತೇನೆ.