ಕನ್ನಡಿ ಪಾರ್ಟಿಯ ಅಕ್ಕ

ಹೋದ ವಾರ ವಿಟಮಿನ್ ಮಾತ್ರೆಯ ಹೊಸ ಡಬ್ಬಿ ತೆರೆದು ಅಂಗೈಗೆ ಬಗ್ಗಿಸಿಕೊಂಡಾಗ, ಮಾತ್ರೆಗಿಂತ ಮೊದಲು ಒಂದು ಪುಟ್ಟ ಬಿಳಿ ಪೊಟ್ಟಣ ಬಿತ್ತು. ತೇವ ಹೀರಲೆಂದು ಇಟ್ಟಿರುತ್ತಾರಲ್ಲ, ಆ ಸಿಲಿಕಾ ಜೆಲ್. ಕಸದ ಬುಟ್ಟಿಗೆ ಹಾಕಲು ಹೋದ ಕೈ ಅಲ್ಲೇ ನಿಂತಿತು. ಬೊಮ್ಮಸಂದ್ರದ ಮೆಡಿಕಲ್ ಶಾಪಿನ ಅಕ್ಕ ಇಂಥ ಪೊಟ್ಟಣಗಳನ್ನು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಡಬ್ಬಿ ತುಂಬಿದಾಗ ಅರ್ಧ ತಮಗೆ, ಅರ್ಧ ನನಗೆ. "ತಗೋಳಮ್ಮ, ಕ್ಯಾಮೆರಾ ಬ್ಯಾಗಲ್ಲಿ ಆಕ್ಕೊ. ಲೆನ್ಸಿಗೆ ಬೂಷ್ಟು ಬರ್ದಂಗಿರ್ಲಿ" ಎನ್ನುತ್ತಿದ್ದರು. ನನ್ನ ಕ್ಯಾಮೆರಾವನ್ನು ಅವರಷ್ಟು ಬೈದವರೂ ಇಲ್ಲ, ಅದರ ಆರೋಗ್ಯವನ್ನು ಅವರಷ್ಟು ನೋಡಿಕೊಂಡವರೂ ಇಲ್ಲ.

ಆಗ ನಾನು ಬೆಂಗಳೂರಿನ ಹೊರವಲಯದ ಬೊಮ್ಮಸಂದ್ರದಲ್ಲಿ ಒಂದು ಔಷಧ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದೆ. ಗದಗಿನಿಂದ ಬಂದು ಹೆಚ್ಚು ದಿನವಾಗಿರಲಿಲ್ಲ. ಕಂಪನಿಯ ಬಸ್ಸು ಸಂಜೆ ನಮ್ಮನ್ನು ಇಳಿಸುತ್ತಿದ್ದುದು ಅಕ್ಕನ ಅಂಗಡಿಯ ಎದುರಿಗೇ. ತಲೆನೋವಿನ ಮಾತ್ರೆಗೆಂದು ಮೊದಲ ಸಲ ಒಳಹೋದಾಗ, ಹತ್ತಿಯ ಉಂಡೆಗಳ ಪಕ್ಕದಲ್ಲಿ, ಬ್ಯಾಂಡೇಜು ಬಟ್ಟೆಯ ಮೇಲೆ, ದೇವರನ್ನು ಕೂರಿಸಿದ ಹಾಗೆ ಒಂದು ದೊಡ್ಡ ಕಪ್ಪು ಡಿಎಸ್ಎಲ್ಆರ್ ಕ್ಯಾಮೆರಾ ಕೂತಿತ್ತು. ತಲೆನೋವು ಮರೆತು "ಇದು ಫುಲ್ ಫ್ರೇಮ್ ಏನ್ರಿ?" ಎಂದು ಕೇಳಿದೆ. ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದ ಅಕ್ಕ ಕತ್ತರಿ ಕೆಳಗಿಟ್ಟರು. ಅಷ್ಟು ವರ್ಷದಲ್ಲಿ ಆ ಅಂಗಡಿಗೆ ಬಂದು ಯಾರೂ ಆ ಪ್ರಶ್ನೆ ಕೇಳಿರಲಿಲ್ಲವಂತೆ.

ಅಕ್ಕ ಅದೇ ಊರಿನವರು. ಕಾರ್ಖಾನೆಗಳು ಬರುವ ಮೊದಲಿನಿಂದ ಇದ್ದ ಮನೆತನ. ಫಾರ್ಮಸಿ ಡಿಪ್ಲೊಮಾ ಓದಿ ಅಂಗಡಿ ಇಟ್ಟಿದ್ದರು. ಫೋಟೋ ತೆಗೆಯುವುದು ಮಗಳು ಹುಟ್ಟಿದ ಮೇಲೆ ಹಿಡಿದ ಹುಚ್ಚು. ಮಗಳ ತೊಟ್ಟಿಲಿಂದ ಶುರುವಾದದ್ದು ಊರಿನ ಮದುವೆ, ನಾಮಕರಣ, ಗೃಹಪ್ರವೇಶಗಳವರೆಗೂ ಹಬ್ಬಿತ್ತು. ಎಲ್ಲೂ ಬಾಡಿಗೆಗೆ ಹೋದವರಲ್ಲ, ನೆಂಟರ ಹಾಗೆ ಹೋಗಿ ತೆಗೆದು, ಉಂಡು ಬರುತ್ತಿದ್ದರು.

ನಾನು ಹೊಸ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಕೊಂಡು ಅವರಿಗೆ ತೋರಿಸಲು ಒಯ್ದ ದಿನದಿಂದ ನಮ್ಮ ಯುದ್ಧ ಶುರುವಾಯಿತು. ಚಿತ್ರ ಹಿಡಿಯುವ ಸೆನ್ಸರಿನ ಅಳತೆಯ ಬಗ್ಗೆ ತಕರಾರಿರಲಿಲ್ಲ, ಇಬ್ಬರದೂ ಫುಲ್ ಫ್ರೇಮ್, ಒಂದೇ ಅಳತೆ. ಜಗಳವೆಲ್ಲ ಕನ್ನಡಿಯದು. ಅವರ ಕ್ಯಾಮೆರಾದೊಳಗೆ ಒಂದು ಕನ್ನಡಿಯಿತ್ತು. ಲೆನ್ಸಿನಿಂದ ಬಂದ ಬೆಳಕನ್ನು ಅದು ನೇರವಾಗಿ ಕಣ್ಣಿಗೆ ಮುಟ್ಟಿಸುತ್ತಿತ್ತು. ನನ್ನದರಲ್ಲಿ ಕನ್ನಡಿಯಿಲ್ಲ, ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಒಂದು ಪುಟ್ಟ ಪರದೆ.

ಅಕ್ಕ ಅದಕ್ಕೆ ಕಣ್ಣಿಟ್ಟವರೇ ಮುಖ ಸಿಂಡರಿಸಿದರು. "ಇದೇನಮ್ಮ, ಟೀವಿ ನೋಡ್ದಂಗಾಯ್ತದೆ! ಎದುರ್ಗೆ ಮನುಷ್ಯ ನಿಂತವ್ನೆ, ಅವ್ನ್ನ ಬುಟ್ಟು ಅವ್ನ ಟೀವಿ ನೋಡ್ಲಾ?"

"ಟೀವಿ ಅಲ್ರಿ ಅಕ್ಕಾರ, ಫೋಟೋ ಹೆಂಗ ಬರತೈತಿ ಅಂತ ಮೊದ್ಲ ತೋರಸ್ತೈತಿ. ಕನ್ನಡಿ ಇರೋದು ಮಾರಿ ನೋಡ್ಕೊಳ್ಳಾಕ, ಫೋಟೋ ತೆಗಿಯಾಕಲ್ಲ" ಎಂದೆ.

"ಮಾರಿನಾ? ನಮ್ಮೂರಲ್ಲಿ ಮಾರಿ ಅಂದ್ರೆ ಅಮ್ಮನೋರು ಕಣಮ್ಮ! ಅಮ್ಮನೋರ್ನ ಕನ್ನಡೀಲಿ ನೋಡ್ತೀಯಾ ನೀನು?" ಎಂದು ಅವರು ನಕ್ಕ ನಗುವಿಗೆ, ಕೆಮ್ಮಿನ ಸಿರಪ್ಪಿಗೆ ಕಾಯುತ್ತಿದ್ದ ಆಟೋ ಅಣ್ಣನೂ ಕೆಮ್ಮುತ್ತಲೇ ನಕ್ಕುಬಿಟ್ಟ.

ಮುಂದೆ ಅದು ಸಂಜೆಯ ಕಾರ್ಯಕ್ರಮವೇ ಆಯಿತು. ಗಿರಾಕಿಗಳು ಕೂಡ ಪಕ್ಷ ಹಿಡಿದರು. ಆಟೋ ಅಣ್ಣ ಕನ್ನಡಿ ಪಾರ್ಟಿ. ಪಕ್ಕದ ಬೇಕರಿಯವನು ನನ್ನ ಕಡೆ, ಅಂದರೆ ಕನ್ನಡಿ ಇಲ್ಲದ ಪಾರ್ಟಿ. ನನ್ನ ಕ್ಯಾಮೆರಾ ಎದುರಿಗಿದ್ದವರ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ ಎಂದು ನಾನು ಹೇಳಿದರೆ, "ನಂಗೇ ಎಲ್ಡ್ ಕಣ್ಣವೆ, ನಾನೇ ಉಡುಕ್ತೀನಿ" ಎಂದು ಅಕ್ಕ. ಕೈ ನಡುಗಿದರೂ ಚಿತ್ರ ಅಲುಗದಂತೆ ಒಳಗೇ ವ್ಯವಸ್ಥೆಯಿದೆ ಎಂದರೆ, "ಬಿಪಿ ಮಾತ್ರೆ ತಕ್ಕೊಂಡ್ರೆ ನಡುಗೋದೇ ಇಲ್ಲ." ಅವರ ಬ್ರಹ್ಮಾಸ್ತ್ರ ಬ್ಯಾಟರಿ. "ನನ್ ಬ್ಯಾಟ್ರಿ ಎಲ್ಡ್ ಮದ್ವೆ ತಡೀತದೆ. ನಿಂದು ಒಂದ್ ನಾಮಕರಣಕ್ಕೂ ಸಾಲಲ್ಲ, ಮಗೀಗೆ ಎಸ್ರಿಡೋದ್ರಾಗೆ ಸತ್ತೋಯ್ತದೆ!" ಅದು ನಿಜವಾಗಿತ್ತು...

ನನಗೂ ಒಂದು ಅಸ್ತ್ರವಿತ್ತು. ಅವರದು ಕ್ಲಿಕ್ಕಿಸಿದಾಗಲೆಲ್ಲ ಕನ್ನಡಿ ಮೇಲೆದ್ದು "ಟಪ್" ಎಂದು ಸದ್ದು ಮಾಡುತ್ತಿತ್ತು. ನನ್ನದನ್ನು ಪೂರ್ತಿ ಮೌನವಾಗಿಸಬಹುದಿತ್ತು. ಆ ಮಾತು ಬಂದಾಗ ಮಾತ್ರ ಅಕ್ಕ ವಾದ ಬಿಟ್ಟು ಮಾತ್ರೆಯ ಪಟ್ಟಿ ಕತ್ತರಿಸತೊಡಗುತ್ತಿದ್ದರು. ಕಾರಣ ಅವರ ಅತ್ತೆ.

ಇಡೀ ಊರನ್ನು ನಗಿಸಿ ಫೋಟೋ ತೆಗೆದ ಅಕ್ಕನಿಗೆ ಸ್ವಂತ ಅತ್ತೆಯ ನಗು ಸಿಕ್ಕಿರಲಿಲ್ಲ. ಆ ಅಜ್ಜಿಗೆ ಮುಂದಿನ ಹಲ್ಲುಗಳಿರಲಿಲ್ಲ. ಮನೆಯಲ್ಲಿ ಅವರಷ್ಟು ನಗುವವರೇ ಇಲ್ಲ, ಆದರೆ "ಟಪ್" ಎಂದ ಕೂಡಲೇ ಸೆರಗು ಬಾಯಿಗೆ ಬರುತ್ತಿತ್ತು. ಇದ್ದ ಫೋಟೋಗಳಲ್ಲೆಲ್ಲ ಪೊಲೀಸರು ಹಿಡಿದು ತಂದವರ ಹಾಗೆ ಕಾಣುತ್ತಿದ್ದರು. ಒಂದು ಸಂಜೆ ಅಂಗಡಿಯಲ್ಲಿ ಯಾರೂ ಇಲ್ಲದಾಗ ಅಕ್ಕ ಹೇಳಿದರು: "ನನ್ ಮಗ್ಳು ದೊಡ್ಡೋಳಾದ್ಮೇಲೆ ಅವ್ರಜ್ಜಿ ಎಂಗೆ ನಗ್ತಿದ್ರು ಅಂತ ಗೊತ್ತಾಗ್ಬೇಕಲ್ವಾ? ಒಂದ್ಕಿತ ನಿಂದ್ರಲ್ಲಿ ನೋಡು. ಗೆದ್ರೆ ನಿನ್ ಕ್ಯಾಮೆರಾಗೆ ಕೈ ಮುಗೀತೀನಿ."

ಆ ಭಾನುವಾರ ಊಟಕ್ಕೆ ಕರೆದರು. ಮುದ್ದೆ, ಬಸ್ಸಾರು, ಹುರುಳಿಕಾಳಿನ ಪಲ್ಯ. ಊಟವಾದ ಮೇಲೆ ಅಜ್ಜಿ ನಡುಮನೆಯಲ್ಲಿ ಗೋಡೆಗೊರಗಿ ಕೂತು, ತಮ್ಮ ಮದುವೆಯಲ್ಲಿ ಮದುಮಗನ ಪಂಚೆ ಜಾರಿದ ಕಥೆ ಹೇಳಿ ತಾವೇ ನಗತೊಡಗಿದರು. ನಾನು ಮೌನವಾಗಿ ಒತ್ತಿದೆ. ಸದ್ದಿಲ್ಲ. ಸೆರಗು ಮೇಲೇಳಲಿಲ್ಲ. ಒಳಗೊಳಗೇ ಕುಣಿದಾಡುತ್ತ ಅಡುಗೆಮನೆಗೆ ಹೋಗಿ ಅಕ್ಕನಿಗೆ ತೋರಿಸಿದೆ. ಇಬ್ಬರೂ ಬಗ್ಗಿ ನೋಡಿದೆವು.

ಅಜ್ಜಿಯ ಮುಖದ ಮೇಲೆ ಅಡ್ಡಡ್ಡಲಾಗಿ ಕಪ್ಪು ಪಟ್ಟೆಗಳು. ನಡುಮನೆಯಲ್ಲಿ ಉರಿಯುತ್ತಿದ್ದುದು ಎಲ್ಇಡಿ ದೀಪ. ಅದು ನಮ್ಮ ಕಣ್ಣಿಗೆ ತಿಳಿಯದಷ್ಟು ಬೇಗ ಮಿಟುಕುತ್ತಿರುತ್ತದೆ. ಸದ್ದಿಲ್ಲದ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವಾಗ ಆ ಮಿಟುಕು ಪಟ್ಟೆಯಾಗಿ ಮೂಡುತ್ತದೆ. ಇದೆಲ್ಲ ನನಗೆ ಗೊತ್ತಿತ್ತು, ಹುಮ್ಮಸ್ಸಿನಲ್ಲಿ ನೆನಪಾಗಲಿಲ್ಲ. ಅಕ್ಕ ಸೌಟು ಹಿಡಿದೇ ನೆಲಕ್ಕೆ ಕೂತುಬಿಟ್ಟರು. "ಅಯ್ಯೋ, ನಮ್ಮತ್ತೆ ಜೀಬ್ರಾ ಆಗ್ಬುಟ್ಟವ್ರೆ!"

ಅವರು ತಮ್ಮ ಕ್ಯಾಮೆರಾ ತಂದು ಒಂದು ಕೈ ನೋಡಿದರು. "ಟಪ್." ಸೆರಗು. ಮತ್ತೆ "ಟಪ್." ಮತ್ತೆ ಸೆರಗು. ಕೊನೆಗೆ ಅಜ್ಜಿಗೇ ಬೇಸರ ಬಂತು. "ತತ್ತಾ ಇಲ್ಲಿ, ಅದ್ರಾಗೆ ಅದೇನ್ ಕಾಣ್ತದೋ ನಾನೂ ನೋಡ್ತೀನಿ" ಎಂದು ಎದ್ದು ಹೋಗಿ ಹೊರಗಿನ ಜಗಲಿಯ ಮೇಲೆ, ಬಿಸಿಲಿನಲ್ಲಿ ಕೂತರು.

ಅಕ್ಕ ತಮ್ಮ ಕ್ಯಾಮೆರಾದ ಪಟ್ಟಿಯನ್ನು ಅವರ ಕೊರಳಿಗೆ ಹಾಕಿ, ದೂರದ್ದನ್ನು ಹತ್ತಿರ ತೋರಿಸುವ ಉದ್ದದ ಲೆನ್ಸು ಸಿಕ್ಕಿಸಿದ ಆ ಭಾರದ ಕ್ಯಾಮೆರಾವನ್ನು ಎರಡೂ ಕೈಗಳಿಗೆ ಕೊಟ್ಟರು. ಅಜ್ಜಿ ಕಿಂಡಿಗೆ ಇಟ್ಟ ಕಣ್ಣನ್ನೇ ಮುಚ್ಚಿಕೊಂಡು, ಇನ್ನೊಂದನ್ನು ತೆರೆದುಕೊಂಡು, "ಏನೂ ಕಾಣಾಕಿಲ್ಲ, ಬರೀ ಕತ್ಲೆ" ಎಂದು ದೂರಿದರು. ಅಕ್ಕ ಸರಿಮಾಡಿ, ಅಂಗಳದ ತುದಿಗೆ ಓಡಿಹೋಗಿ, ಸೊಂಟದ ಮೇಲೆ ಕೈಯಿಟ್ಟು ನಾಟಕದ ರಾಣಿಯ ಹಾಗೆ ನಿಂತರು.

"ಅಯ್ಯಯ್ಯೋ, ಇವ್ಳು ಮೂಗಿನ್ ತಾವ್ಕೇ ಬಂದ್ಬುಟ್ಳಲ್ಲಪ್ಪಾ!" ಎಂದ ಅಜ್ಜಿ ಕ್ಯಾಮೆರಾ ಎದೆಗಿಳಿಸಿ ನಕ್ಕರು. ಬಾಯಿ ತುಂಬಾ, ಒಸಡು ಕಾಣುವ ಹಾಗೆ, ಮೈ ಕುಲುಕಿಸಿ ನಕ್ಕರು. ಸೆರಗು ಎಳೆಯಲು ಕೈ ಎಲ್ಲಿದೆ? ಎರಡೂ ಕೈಯಲ್ಲಿ ಕ್ಯಾಮೆರಾ. ಪಕ್ಕದಲ್ಲಿದ್ದ ನಾನು ಒತ್ತಿದೆ. ನನ್ನ ಕ್ಯಾಮೆರಾ ಅಜ್ಜಿಯ ಕಣ್ಣನ್ನು ಹುಡುಕಿ ಹಿಡಿದುಕೊಂಡಿತ್ತು. ಬಿಸಿಲಿಗೆ ಪಟ್ಟೆಯೂ ಇಲ್ಲ. ನಗುವಿನಿಂದ ಕಿರಿದಾದ ಆ ಕಣ್ಣಂಚಿನ ಒಂದೊಂದು ನಿರಿಗೆಯೂ ಚಿತ್ರದಲ್ಲಿ ಬಂದಿತ್ತು.

"ಈಗ ಕೈ ಮುಗೀರಿ ಅಕ್ಕಾರ" ಎಂದೆ.

"ಯಾಕ್ ಮುಗೀಲಿ? ನನ್ ಕ್ಯಾಮೆರಾ ಬಾರ ಇದ್ದಿದ್ಕೇ ಅವ್ರಿಗೆ ಸೆರಗು ಸಿಗ್ಲಿಲ್ಲ. ನಿಂದಾಗಿದ್ರೆ ಒಂದೇ ಕೈಲಿ ಇಡ್ಕೊಂಡು ಇನ್ನೊಂದ್ರಲ್ಲಿ ಬಾಯ್ ಮುಚ್ಕೊಳೋರು. ಗೆದ್ದಿದ್ದು ನಾನೇ!"

ಆ ವಾದ ಬಗೆಹರಿಯಲೇ ಇಲ್ಲ. ಫೋಟೋ ಮಾತ್ರ ದೊಡ್ಡದಾಗಿ ಪ್ರಿಂಟಾಗಿ ಅಂಗಡಿಯ ಗೋಡೆಗೆ ಬಂತು. ಜ್ವರವೆಂದು ಬಂದವರು ತಲೆಯೆತ್ತಿ ನೋಡಿ ನಕ್ಕು ಹೋಗುತ್ತಿದ್ದರು. ಮೊದಲು ಸಿಟ್ಟಾಗಿದ್ದ ಅಜ್ಜಿ ಆಮೇಲೆ ಬೇಕಿಲ್ಲದ ಮಾತ್ರೆ ಕೇಳುವ ನೆಪದಲ್ಲಿ ಬಂದು, ತಮ್ಮನ್ನು ತಾವೇ ನೋಡಿಕೊಂಡು ಹೋಗತೊಡಗಿದರು.

ಕೆಲವು ವರ್ಷಗಳ ನಂತರ ಅಕ್ಕನಿಗೆ ಸ್ತನದ ಕ್ಯಾನ್ಸರ್ ಬಂತು. ಶಸ್ತ್ರಚಿಕಿತ್ಸೆಯಾದ ಮೇಲೆ ಬಲಗೈ ಎತ್ತುವುದು ಕಷ್ಟವಾಯಿತು. ಆ ದೊಡ್ಡ ಕ್ಯಾಮೆರಾ ಹತ್ತಿಯ ಪಕ್ಕದಲ್ಲೇ ಕೂತಿರುತ್ತಿತ್ತು. ಮಗಳ ಶಾಲೆಯಲ್ಲಿ ನೃತ್ಯವಿದೆ ಎಂದಾಗ, ಅವರು ಕೇಳುವ ಮೊದಲೇ ನಾನು ನನ್ನದನ್ನು ಒಯ್ದು ಕೌಂಟರಿನ ಮೇಲಿಟ್ಟೆ. ಅವರು ತೆಗೆದುಕೊಂಡು ಎಡ ಹೆಗಲಿಗೆ ಹಾಕಿಕೊಂಡರು. ಮರುದಿನ ಚಿತ್ರಗಳನ್ನು ತೋರಿಸಿದರು. ಗಿರ್ರನೆ ತಿರುಗುತ್ತಿದ್ದ ಮಗಳ ಕಣ್ಣು ಪ್ರತಿ ಚಿತ್ರದಲ್ಲೂ ನಿಚ್ಚಳವಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಬೆರಳೆತ್ತಿದರು.

"ಅಗುರ ಐತೆ. ಅಷ್ಟೇ. ಚೆನ್ನಾಗೈತೆ ಅಂತ ನಾನ್ ಏಳಿಲ್ಲ."

ಅವರು ಹೋದದ್ದು ಅದರ ಮುಂದಿನ ವರ್ಷ... ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗಲೂ ಬ್ಯಾಟರಿಯ ಮಾತೆತ್ತಿ ನನ್ನನ್ನು ಕೆಣಕಿದ್ದರು. ನಾನೂ ಬಿಟ್ಟುಕೊಡಲಿಲ್ಲ. ನರ್ಸಮ್ಮ ಬಂದು ಇಬ್ಬರನ್ನೂ ಗದರಿಸಿದರು.

ನಾನೀಗ ಬೆಂಗಳೂರಿನ ಬ್ರೂಕ್‌ಫೀಲ್ಡ್ ಕಡೆ ಇದ್ದೇನೆ. ಮೊನ್ನೆ ಒಂದು ಕ್ಯಾಮೆರಾ ಅಂಗಡಿಗೆ ಹೋಗಿದ್ದೆ. ಹೊಸ ಮಾದರಿ ಬಂದಿದೆ. ಹಕ್ಕಿಯ ಕಣ್ಣನ್ನೂ ಹಿಡಿಯುತ್ತದಂತೆ, ಪಟ್ಟೆಯೂ ಬರುವುದಿಲ್ಲವಂತೆ. ಮಾರುವವನು "ಕನ್ನಡಿ ಕ್ಯಾಮೆರಾ ಎಲ್ಲಾ ಮುಗೀತು ಬಿಡಿ ಮೇಡಂ, ಮ್ಯೂಸಿಯಂಗೇ ಈಗ" ಎಂದ. ನನಗೆಲ್ಲಿತ್ತೋ ಸಿಟ್ಟು! ಬೆಳಕು ನೇರವಾಗಿ ಕಣ್ಣಿಗೆ ಬೀಳುವುದೆಂದರೇನು, ಮಧ್ಯೆ ಇನ್ನೊಂದು ಯಂತ್ರವಿಲ್ಲದೆ ಒಬ್ಬ ಮನುಷ್ಯನ ಮುಖ ನೋಡುವುದೆಂದರೇನು ಎಂದು ಅವನಿಗೆ ನಿಂತಲ್ಲೇ ಪಾಠ ಮಾಡಿದೆ. ಕೊಳ್ಳಲು ಬಂದಿದ್ದ ಇಬ್ಬರು ನನ್ನ ಕಡೆ ತಿರುಗಿ ಕೇಳತೊಡಗಿದರು. ಅವನು ತಬ್ಬಿಬ್ಬಾಗಿ, "ಹಂಗಾದ್ರೆ ನೀವು ಯಾವ್ದು ಯೂಸ್ ಮಾಡ್ತಿದ್ದೀರಾ ಮೇಡಂ?" ಎಂದ. ಹೆಗಲ ಮೇಲಿನ ನನ್ನ ಮಿರರ್‌ಲೆಸ್ಸನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿಕೊಂಡೆ.

ರಸ್ತೆಗೆ ಬಂದ ಮೇಲೆ ಒಬ್ಬಳೇ ನಕ್ಕೆ. ಇದನ್ನು ಹೇಳಿಕೊಳ್ಳಲು ಇದ್ದದ್ದು ಒಬ್ಬರೇ. ಅವರು ಬದುಕಿದ್ದಷ್ಟು ದಿನ "ನೀವ ಗೆದ್ರಿ ಅಕ್ಕಾರ" ಎಂದು ನಾನು ಹೇಳಿರಲಿಲ್ಲ. ಈಗ ಅವರು ಎದುರಿಗೆ ಬಂದು ನಿಂತರೂ, ಖಂಡಿತಾ ಹೇಳುವುದಿಲ್ಲ.